ಪಂದಿಕರಿ ಜೊತೆ ಡ್ರೈ ರೆಡ್ ಹಿಡೀಬೇಡಿ: ವೈನ್ ಮೇಳಕ್ಕೆ ಹೋಗುವವರಿಗೆ

ತಮ್ಮಾ, ನಿನ್ನ ಪೋಸ್ಟ್ ಈಗಷ್ಟೇ ನೋಡಿದೆ. ಮಡಿಕೇರಿ ಮೇಳದಲ್ಲಿ ಖಾಲಿ ಹೊಟ್ಟೆಗೆ ಮೊದಲ ಸ್ಟಾಲ್‌ನಲ್ಲೇ ಡ್ರೈ ಕ್ಯಾಬರ್ನೆ (ಸಿಹಿಯೇ ಇಲ್ಲದ ಒಗರು ರೆಡ್ ವೈನ್), ಅದನ್ನೇ ಕೈಯಲ್ಲಿಟ್ಟುಕೊಂಡು ಪಂದಿಕರಿ (ನಮ್ಮ ಕೊಡಗಿನ ಹಂದಿ ಸಾರು) ಪ್ಲೇಟು, ಕೊನೆಗೆ "ಎಲ್ಲಾ ಒಗರು, ಬರೀ ಕಹಿ, ದುಡ್ಡು ದಂಡ, ನಾಳೆ ಹೋಗೋದಿಲ್ಲ" ಅಂತ ಬರೆದಿದ್ದೀಯ. ನಾಳೆಯೂ ಹೋಗು ಮಾರಾಯ. ವೈನ್ ಕೆಟ್ಟದ್ದಲ್ಲ, ಕರಿಯೂ ಕೆಟ್ಟದ್ದಲ್ಲ, ಜೋಡಿ ತಪ್ಪಿದ್ದು ಅಷ್ಟೆ. ನಾನೂ ಶುರುವಿನಲ್ಲಿ ಇದನ್ನೇ ಮಾಡಿದವಳು, ಅದಕ್ಕೇ ಇಷ್ಟುದ್ದ ಬರೀತಿದ್ದೇನೆ.

ಮಾಂಸ ಅಂದ ಕೂಡಲೇ ರೆಡ್ ಅಂತ ಎಲ್ಲರೂ ಹೇಳ್ತಾರೆ. ಕೊಬ್ಬಿಗೆ ಒಗರು ಹೊಂದೋದು ನಿಜ. ಆದರೆ ನಮ್ಮ ಪಂದಿಕರಿಯಲ್ಲಿ ಖಾರ ಇದೆ, ಕಾಚಂಪುಳಿ ಅನ್ನೋ ಕಪ್ಪು ಹುಳಿರಸ ಇದೆ. ನಾಲಿಗೆ ಮೇಲೆ ಖಾರ ಕೂತಿರುವಾಗ ಆಲ್ಕೋಹಾಲೂ ಒಗರೂ ಸೇರಿ ಉರಿಯನ್ನು ಇನ್ನಷ್ಟು ಏರಿಸ್ತವೆ. 14 ಪರ್ಸೆಂಟಿನ ಓಕ್ ಪೀಪಾಯಿಯ ರೆಡ್ ಆದರೆ ಕೇಳೋದೇ ಬೇಡ. ಕಾಚಂಪುಳಿದು ಬೇರೆಯೇ ಕಥೆ. ತಟ್ಟೆಯ ಹುಳಿ ಗ್ಲಾಸಿನ ಹುಳಿಗಿಂತ ಜಾಸ್ತಿಯಾದರೆ ವೈನ್ ಸಪ್ಪೆಯಾಗುತ್ತೆ. ನಿನಗೆ ಆದದ್ದು ಇವೆರಡೂ.

ಪಂದಿಕರಿ–ಕಡಂಬುಟ್ಟಿಗೆ (ಅಕ್ಕಿ ತರಿಯ ಉಂಡೆ) ಚೆನ್ನಾಗಿ ತಣ್ಣಗಿರೋ, ಹುಳಿ ಗಟ್ಟಿಯಾಗಿರೋ, ಚೂರು ಸಿಹಿ ಉಳಿದಿರೋ ಬಿಳಿ ವೈನ್ ತಗೋ. ಸುಲಾ ಕಂಪನಿಯ ಶೆನಿನ್ ಬ್ಲಾಂಕ್ ನನ್ನ ಮೊದಲ ಆಯ್ಕೆ. ಹುಳಿ ಕೊಬ್ಬನ್ನು ಕತ್ತರಿಸುತ್ತೆ, ಸಿಹಿ ಖಾರವನ್ನು ತಣಿಸುತ್ತೆ, ಮುಂದಿನ ತುಂಡಿಗೆ ಬಾಯಿ ತಯಾರಾಗುತ್ತೆ. ಅದು ಸಿಗದಿದ್ದರೆ ಗುಲಾಬಿ ಬಣ್ಣದ ರೋಸೆ, ಇಲ್ಲವೇ ಗುಳ್ಳೆ ಏಳೋ ಸ್ಪಾರ್ಕ್ಲಿಂಗ್. ಬಿಳಿ ವೈನ್ ಗಂಡಸರಿಗಲ್ಲ ಅಂತ ಈ ಗುಂಪಲ್ಲೇ ಬರೆಯೋರಿದ್ದಾರೆ. ದಯವಿಟ್ಟು ಆ ಮಾತು ಬಿಡಿ, ಹೊಸದಾಗಿ ಬರೋರು ಅದನ್ನು ನಂಬಿಯೇ ಒಳ್ಳೆ ಊಟ ಹಾಳು ಮಾಡ್ಕೊಳ್ತಾರೆ.

ರೆಡ್ ಬೇಕೇ ಬೇಕು ಅಂದರೆ ಕರಿ ಬಿಟ್ಟು, ಕರಿಮೆಣಸು ಹಾಕಿ ಹುರಿದ ಡ್ರೈ ಪೋರ್ಕ್ ಹಿಡಿ, ಜೊತೆಗೆ ಶಿರಾಜ್ ದ್ರಾಕ್ಷಿಯ ರೆಡ್. ಶಿರಾಜ್‌ನಲ್ಲಿ ಮೆಣಸಿನ ವಾಸನೆ ಬರೋದು ನಮ್ಮ ಕಲ್ಪನೆಯಲ್ಲ. ರೊಟಂಡೋನ್ ಅನ್ನೋ ಒಂದೇ ಅಂಶ ಕರಿಮೆಣಸಲ್ಲೂ ಆ ದ್ರಾಕ್ಷಿಯಲ್ಲೂ ಇದೆ, ಆಸ್ಟ್ರೇಲಿಯಾದವರು 2008ರಲ್ಲಿ ಅದನ್ನು ಗುರುತಿಸಿದರು. ಕಾಫಿ ತೋಟದ ಮರಕ್ಕೆ ಹಬ್ಬಿದ ಬಳ್ಳಿಯ ಮೆಣಸು ಬಾಯಲ್ಲಿರುವಾಗ ಒಂದು ಗುಟುಕು ಶಿರಾಜ್ ಹೋದರೆ ಎರಡರ ಘಮವೂ ಒಟ್ಟಿಗೆ ಏಳುತ್ತೆ. ಆ ಒಂದು ಕ್ಷಣಕ್ಕೇ ನಾನು ಮೇಳಕ್ಕೆ ಹೋಗೋದು. ಗ್ರೋವರ್‌ನ ಲಾ ರಿಸರ್ವ್ ಕ್ಯಾಬರ್ನೆ–ಶಿರಾಜ್ ಎರಡೂ ಬೆರೆಸಿದ್ದು, ಅದೂ ನಡೆಯುತ್ತೆ. ಆದರೆ ಫ್ರೈಗೂ ಕಾಚಂಪುಳಿ ಸುರಿಯೋ ಸ್ಟಾಲ್‌ಗಳಿವೆ, ಹಸಿಮೆಣಸಿನಕಾಯಿ ಹಾಕೋರೂ ಇದ್ದಾರೆ. ಕೇಳಿ ತಗೋ.

ಈಗ ಮುಖ್ಯ ವಿಷಯ, ಅಕ್ಕಿ ಒಟ್ಟಿ, ಅಂದರೆ ನಮ್ಮ ಅಕ್ಕಿ ರೊಟ್ಟಿ. ಒಂದು ವೈನಿನಿಂದ ಇನ್ನೊಂದಕ್ಕೆ ಹೋಗುವಾಗ ಬಾಯಿ ತೊಳೆಯೋಕೆ ಸ್ಟಾಲಿನವರು ಬಿಸ್ಕತ್ತು ಇಟ್ಟಿರ್ತಾರೆ. ಅದರಲ್ಲಿ ಉಪ್ಪು, ಸಕ್ಕರೆ, ಬೆಣ್ಣೆ ಮೂರೂ ಇರುತ್ತೆ, ಮೂರೂ ಮುಂದಿನ ವೈನಿನ ರುಚಿ ಬದಲಿಸ್ತವೆ. ನಾನು ಮನೆಯಿಂದಲೇ ಒಟ್ಟಿ ಕಟ್ಟಿಕೊಂಡು ಹೋಗ್ತೇನೆ. ಅನ್ನ, ಅಕ್ಕಿಹಿಟ್ಟು ಬಿಟ್ಟರೆ ಬೇರೇನೂ ಇಲ್ಲ. ಉಪ್ಪು ಹಾಕೋದಿಲ್ಲ, ತುಪ್ಪ ಸವರೋದಿಲ್ಲ. ಒಂದು ಚೂರು ನಿಧಾನಕ್ಕೆ ಅಗಿದು, ಮೇಲೆ ಎರಡು ಗುಟುಕು ನೀರು ಕುಡಿದರೆ ರೆಡ್‌ನ ಒಗರು ಕೂಡ ಬಿಟ್ಟುಹೋಗುತ್ತೆ. ಆರಿದ ಒಟ್ಟಿಯೇ ಆಗಬೇಕು, ಬಿಸಿಯದ್ದು ನಾಲಿಗೆ ಸುಟ್ಟರೆ ಆವತ್ತಿನ ರುಚಿ ಮುಗೀತು. ತೀರಾ ಒಣಗಿದ್ದೂ ಬೇಡ, ಬಟ್ಟೆಯಲ್ಲಿ ಸುತ್ತಿಟ್ಟುಕೊಳ್ಳಿ. ಎಳ್ಳು ಪಜ್ಜಿ ಜೊತೆಗೆ ತರಬೇಡಿ, ಎಳ್ಳಿನ ಎಣ್ಣೆ ನಾಲಿಗೆಗೆ ಮೆತ್ತಿಕೊಳ್ಳುತ್ತೆ. ಕಡಂಬುಟ್ಟು ಆಗಬಹುದಾ ಅಂತ ಹಿಂದೆ ಯಾರೋ ಕೇಳಿದ್ದರು. ಆಗುತ್ತೆ, ಆದರೆ ಅಂಟು ಜಾಸ್ತಿ, ಹೊಟ್ಟೆಯೂ ಬೇಗ ತುಂಬುತ್ತೆ. ಎಲೆಅಡಿಕೆ ಹಾಕ್ಕೊಂಡು ಬರೋರಿಗೆ ಯಾವ ಒಟ್ಟಿಯೂ ಸಹಾಯ ಮಾಡೋದಿಲ್ಲ. ಅಡಿಕೆಯೇ ಒಗರು, ಅದರ ಮೇಲೆ ಬಂದ ವೈನೆಲ್ಲಾ ಒಗರೇ. ಸೆಂಟು ಹೊಡ್ಕೊಂಡು ಬರೋರು ತಮ್ಮದು ಮಾತ್ರ ಅಲ್ಲ, ಪಕ್ಕದವರ ಮೂಗನ್ನೂ ಕೆಡಿಸ್ತಾರೆ.

ಸ್ಪಾರ್ಕ್ಲಿಂಗ್, ಬಿಳಿ, ರೋಸೆ, ರೆಡ್, ಕೊನೆಗೆ ಸಿಹಿ: ಈ ಸಾಲು ತಪ್ಪಿಸಬೇಡಿ. ಒಂದು ಟೇಸ್ಟಿಂಗ್ 30 ಮಿ.ಲೀ. ಅಂದುಕೊಂಡರೂ ಹತ್ತು ಸ್ಟಾಲ್ ಮುಗಿಯೋ ಹೊತ್ತಿಗೆ ಎರಡು ತುಂಬು ಗ್ಲಾಸ್ ಒಳಗೆ ಹೋಗಿರುತ್ತೆ. ಉಗುಳೋಕೆ ಬಕೆಟ್ ಇಟ್ಟಿರೋದು ಅದಕ್ಕೇ, ನಾಚಿಕೆ ಬೇಡ. ಗಾಡಿ ಓಡಿಸುವಾಗ 100 ಮಿ.ಲೀ. ರಕ್ತಕ್ಕೆ ಆಲ್ಕೋಹಾಲ್ 30 ಮಿ.ಗ್ರಾಂ ದಾಟಿದರೆ ಕೇಸು. ಕೇಸು ಹಾಗಿರಲಿ, ಮಡಿಕೇರಿಯಿಂದ ಇಳಿಯೋ ಸಂಪಾಜೆ ಘಾಟಿಯ ತಿರುವುಗಳಲ್ಲಿ ಮಂಜು ಇಳಿದ ರಾತ್ರಿ "ನಾನು ಸ್ಟೆಡಿ ಇದ್ದೇನೆ" ಅನ್ನೋರ ಪಕ್ಕ ಮಕ್ಕಳನ್ನು ಕೂರಿಸಬೇಡಿ. ಕುಡಿಯದವರೊಬ್ಬರು ಡ್ರೈವ್ ಮಾಡಲಿ, ಇಲ್ಲ ಮಡಿಕೇರಿಯಲ್ಲೇ ಉಳೀರಿ.

ಮಧ್ಯಾಹ್ನ ಶಾಮಿಯಾನದ ಕೆಳಗೆ ರೆಡ್ ಬಿಸಿಯಾಗಿ ಸ್ಪಿರಿಟ್ ವಾಸನೆ ಹೊಡೆಯುತ್ತೆ. ಹತ್ತು ನಿಮಿಷ ಐಸ್ ಬಕೆಟಿನಲ್ಲಿಡಿ ಅಂತ ಕೇಳಿ. ಒಂದು ಸ್ಟಾಲ್‌ನಲ್ಲಿ ಕೇಳಿದ್ದಕ್ಕೆ ರೆಡ್ ತಣ್ಣಗೆ ಮಾಡಬಾರದು ಅಂತ ನನಗೇ ಪಾಠ ಹೇಳಿದರು. 16–18 ಡಿಗ್ರಿ ಅದರ ಜಾಗ, ಬಿಸಿಲಿನ ಟೇಬಲ್ ಅಲ್ಲ. ಸಂಜೆಯಾದರೆ ನಮ್ಮ ಚಳಿಯೇ ಸಾಕು. ಬಿಳಿಗೆ 8–10 ಡಿಗ್ರಿ, ಅದಕ್ಕಿಂತ ತಣ್ಣಗಾದರೆ ವಾಸನೆಯೇ ಏಳೋದಿಲ್ಲ.

ಚಾಕೊಲೇಟ್ ಸ್ಟಾಲ್ ಕೊನೆಗಿರಲಿ. ವೈನ್ ತಿಂಡಿಗಿಂತ ಸಿಹಿ ಇರಬೇಕು, ಇಲ್ಲದಿದ್ದರೆ ವೈನ್ ಹುಳಿ ಹುಳಿ. ಸುಲಾದ ಲೇಟ್ ಹಾರ್ವೆಸ್ಟ್ ಅನ್ನೋ ಸಿಹಿ ವೈನ್ ಇದ್ದರೆ ಅದೇ. ಕಾಫಿ ಅದಾದ ಮೇಲೆ. ವಾಲಗ (ನಮ್ಮ ಕುಣಿತದ ವಾದ್ಯ) ಶುರುವಾಯ್ತು ಅಂದರೆ ಗ್ಲಾಸ್ ಕೆಳಗಿಟ್ಟು ಕುಣೀರಿ, ಟೇಸ್ಟಿಂಗ್ ಎಲ್ಲಿಗೂ ಓಡಿಹೋಗೋದಿಲ್ಲ.

ಹೋಂ ಮೇಡ್ ವೈನ್ ಬಗ್ಗೆಯೂ ನೀನು ಕೇಳಿದ್ದೆ. ನೆಲ್ಲಿಕಾಯಿ, ಪ್ಯಾಶನ್ ಫ್ರೂಟ್, ಸೂಜಿಮೆಣಸು, ಎಲ್ಲವೂ ರುಚಿ ನೋಡಬೇಕಾದವೇ; ನೆಲ್ಲಿಕಾಯಿಯದ್ದು ಪಂದಿಕರಿಗೆ ಎಷ್ಟೋ ದುಬಾರಿ ವೈನಿಗಿಂತ ಚೆನ್ನಾಗಿ ಹೊಂದುತ್ತೆ. ಆದರೆ ಲೈಸೆನ್ಸ್ ಇಲ್ಲದೆ ಮಾರೋದು ಕಾನೂನಿನ ಪ್ರಕಾರ ತಪ್ಪು, ಲೇಬಲ್ ಇಲ್ಲದ ಬಾಟಲಿ ತಗೋಬೇಡಿ. ಇನ್ನೂ ಹುದುಗುತ್ತಿರೋ ಸಿಹಿ ವೈನ್ ಕಾರಿನ ಬಿಸಿಗೆ ಮುಚ್ಚಳ ಹಾರಿಸುತ್ತೆ, ಗಾಜೂ ಒಡೆಯಬಹುದು. ಹೊರಡೋ ಮೊದಲು ಮುಚ್ಚಳ ಉಬ್ಬಿದೆಯಾ, ಗುಳ್ಳೆ ಏಳ್ತಿದೆಯಾ ನೋಡಿ. ಗುಳ್ಳೆ ಕಂಡರೆ ಅಲ್ಲೇ ವಾಪಸ್ ಕೊಡಿ.