ಬೇರೆಯವರ ವಾದದ ತಪ್ಪು ಥಟ್ಟನೆ ಕಾಣುತ್ತದೆ, ನಮ್ಮದು ಯಾಕೆ ಕಾಣುವುದಿಲ್ಲ?

ನಿಮ್ಮ ಈ ಪ್ರಶ್ನೆಗೆ ನನಗೆ ಉತ್ತರ ಸಿಕ್ಕಿದ್ದು ಹೊಲದ ವಿಷಯದಲ್ಲಿ. ಅದನ್ನೇ ಹೇಳುತ್ತೇನೆ.

ನಮ್ಮದು ಕಲಬುರಗಿ ಜಿಲ್ಲೆ, ಆಳಂದದ ಕಡೆ. ಎರೆ ಹೊಲ, ತೊಗರಿ. ಒಂದು ವರ್ಷ ಹೂ ಬಿಡುವ ಹೊತ್ತಿಗೆ ಒಂದು ಮೂಲೆಯ ಗಿಡಗಳು ನಿಂತಲ್ಲೇ ಒಣಗಿದವು. ಮರುವರ್ಷ ಏನು ಬಿತ್ತೋಣ ಅಂತ ತಮ್ಮ ಕೇಳಿದಾಗ ವಾಟ್ಸಾಪ್‌ನಲ್ಲಿ ಉದ್ದಕ್ಕೆ ಬರೆದೆ. ಮೂಲೆಯಲ್ಲಿ ನೀರು ನಿಂತಿತ್ತು, ಅದಕ್ಕೇ ಒಣಗಿದೆ, ಈಗ ಕಾಲುವೆ ತೆಗೆದಿದ್ದೇವೆ, ಮತ್ತೆ ತೊಗರಿಯೇ ಇರಲಿ. ಹಾಗೇ ಬಿತ್ತಿದೆವು. ಅರ್ಧ ಹೊಲ ಒಣಗಿತು. ಆಗಲೂ ನಾನು ಮಳೆಯನ್ನೇ ಬೈದೆ.

ಮುಂದಿನ ಬಿತ್ತನೆಗೆ ಮೊದಲು ತಮ್ಮ ಫೋನ್ ಹಿಡಿದುಕೊಂಡು ಬಂದ. "ಪಕ್ಕದೂರಿನವರೊಬ್ಬರು ಹಿಂಗ ಅಂತಾರ, ನಿನಗೇನು ಅನಸ್ತದ?" ಅಂತ ಓದಿದ. ಅವನು ಮುಗಿಸುವ ಮೊದಲೇ ನಾನು ಶುರು ಮಾಡಿದೆ. ನೀರು ನಿಂತು ಸಾಯುವುದಾದರೆ ಮಳೆಗಾಲದಲ್ಲೇ ಸಾಯಬೇಕಿತ್ತು, ಹೂ ಬಿಡುವ ತನಕ ಹೇಗೆ ನಿಂತಿತು? ಕಾಂಡ ಸೀಳಿ ನೋಡಿದ್ದಾರಾ? ಒಳಗೆ ಕಪ್ಪು ಗೆರೆ ಇದ್ದರೆ ಅದು ಶಿಲೀಂಧ್ರದಿಂದ ಬರುವ ನೆಟೆ ರೋಗ. ಆ ಶಿಲೀಂಧ್ರ ಮಣ್ಣಿನಲ್ಲೇ ಕೆಲವು ವರ್ಷ ಬದುಕಿರುತ್ತದೆ, ಅದೇ ಹೊಲಕ್ಕೆ ಮತ್ತೆ ತೊಗರಿ ಹಾಕಿದರೆ ಹೇಗೆ?

ತಮ್ಮ ಸುಮ್ನೆ ಫೋನ್ ನನ್ನ ಕಡೆ ತಿರುಗಿಸಿದ. ನಾನೇ ಕಳಿಸಿದ ಮೆಸೇಜು.

ಮನಃಶಾಸ್ತ್ರ ಸಂಶೋಧಕರಾದ ಎಮ್ಯಾನುಯೆಲ್ ಟ್ರೂಶ್, ಹ್ಯೂಗೋ ಮರ್ಸಿಯೆ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪ್ರಯೋಗ ಹೆಚ್ಚುಕಡಿಮೆ ಇದೇ. ಜನರಿಗೆ ಸಣ್ಣ ತರ್ಕದ ಲೆಕ್ಕ ಕೊಟ್ಟು, ಉತ್ತರಕ್ಕೆ ಕಾರಣ ಬರೆಸಿದರು. ಆಮೇಲೆ ಅವರದೇ ಕಾರಣವನ್ನು ಬೇರೆಯವರದು ಅಂತ ತೋರಿಸಿದರು. ಗುರುತು ಹಿಡಿಯದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಮ್ಮದೇ ವಾದವನ್ನು ಒಪ್ಪಲಿಲ್ಲ! ಅದರಲ್ಲೂ ತಪ್ಪು ವಾದಗಳನ್ನೇ ಹೆಚ್ಚು ತಳ್ಳಿಹಾಕಿದರು. ನನಗೆ ತುಂಬಾ ಹಿಡಿಸಿದ್ದು ಈ ಕೊನೆಯ ಮಾತು. ಅಂದರೆ ತಪ್ಪು ಹಿಡಿಯುವ ಶಕ್ತಿ ನಮ್ಮಲ್ಲಿದೆ, ನಮ್ಮ ಮಾತಿನ ಮೇಲೆ ಅದನ್ನು ಬಳಸುವುದಿಲ್ಲ, ಅಷ್ಟೇ.

ಯಾಕೆ ಅಂದರೆ, ನಮ್ಮ ವಿಷಯದಲ್ಲಿ ತೀರ್ಮಾನ ಮೊದಲೇ ಆಗಿರುತ್ತದೆ. ನನಗೆ ತೊಗರಿ ಬಿತ್ತಬೇಕಿತ್ತು. ಅದಕ್ಕೆ ಹೊಂದುವ ಒಂದು ಕಾರಣ ಸಿಕ್ಕ ಕೂಡಲೇ ಹುಡುಕಾಟ ನಿಂತಿತು. ಬೇರೆಯವರ ಮಾತಾದರೆ ಒಪ್ಪುವ ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇವೆ, ಅಲ್ವಾ?

ಈಗ ದೊಡ್ಡ ತೀರ್ಮಾನ ಏನಿದ್ದರೂ ನಾನು ಕಾರಣ ಬರೆದು ಎರಡು ವಾರ ಬಿಟ್ಟು ಓದುತ್ತೇನೆ, ಇಲ್ಲವೇ ತಮ್ಮನ ಕೈಗೆ ಕೊಡುತ್ತೇನೆ. ಅವನು ಬಿಡುವುದಿಲ್ಲ.

ಅವತ್ತು ಸಂಜೆ ಹಿತ್ತಲಲ್ಲಿ ಒಟ್ಟಿದ್ದ ತೊಗರಿ ಕಟ್ಟಿಗೆಯಿಂದ ಒಂದನ್ನು ಎಳೆದು ಕುಡುಗೋಲಿನಿಂದ ಸೀಳಿದೆ. ಬುಡದಿಂದ ಮೇಲಕ್ಕೆ ಕಪ್ಪು ಗೆರೆ ಇತ್ತು. ಆ ಹೊಲಕ್ಕೆ ಆ ವರ್ಷ ಹಿಂಗಾರಿ ಜೋಳ ಹಾಕಿದೆವು.