ನಿವೃತ್ತ ಸೇನಾ ನಾಯಿಯನ್ನು ಮನೆಗೆ ತರುವ ಮುಂಚೆ

ವಿರಾಜಪೇಟೆ ಹತ್ತಿರ ತೋಟದ ಮನೆ, ಎರಡು ಸಣ್ಣ ಮಕ್ಕಳು, ಕಾವಲಿಗೆ ಸೇನೆಯಿಂದ ನಿವೃತ್ತಿಯಾದ ನಾಯಿ ತರಬಹುದಾ ಅಂತ ಕೇಳಿದ್ದೀರಿ. ಖಂಡಿತ ತನ್ನಿ, ಆದರೆ ಕಾವಲಿಗೆ ಬೇಡ. ಅದು ವರ್ಷಗಟ್ಟಲೆ ದುಡಿದು ಬಂದಿರುತ್ತದೆ. ತೋಟ ಕಾಯಲು ಊರಿನ ಒಂದು ಮರಿ ಸಾಕಿ, ಸಾಕು.

ಸೇನೆಯ ನಾಯಿಗಳ ಹೊಣೆ ಉತ್ತರ ಪ್ರದೇಶದ ಮೀರತ್‌ನಲ್ಲಿರುವ ಆರ್‌ವಿಸಿ (ರಿಮೌಂಟ್ ಅಂಡ್ ವೆಟರ್ನರಿ ಕೋರ್, ಅಂದರೆ ಸೇನೆಯ ಪಶುವೈದ್ಯ ದಳ) ಕೇಂದ್ರದ್ದು. ಅಲ್ಲಿಗೇ ಪತ್ರ ಬರೆಯಿರಿ. ಕೊನೆಯವರೆಗೂ ನೋಡಿಕೊಳ್ಳುತ್ತೇವೆ ಅಂತ ಬರೆದುಕೊಡಬೇಕಾಗುತ್ತದೆ. ಹಿಂದೆ ಕೆಲಸಕ್ಕೆ ಆಗದ ನಾಯಿಗಳಿಗೆ ದಯಾಮರಣ ಕೊಡುತ್ತಿದ್ದರು. 2015ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯಿಂದ ಇದು ಹೊರಬಂತು, ದೆಹಲಿ ಹೈಕೋರ್ಟ್‌ಗೂ ಹೋಯಿತು, ಆಮೇಲೆ ಪದ್ಧತಿ ಬದಲಾಯಿತು. ಅದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಬೆಂಗಳೂರು ಬಳಿಯ ತರಳುವಿನಲ್ಲಿ ಸಿಆರ್‌ಪಿಎಫ್‌ನ ನಾಯಿ ತರಬೇತಿ ಶಾಲೆ ಇದೆ. ನಮಗೆ ಅದು ಹತ್ತಿರ, ಅಲ್ಲೂ ವಿಚಾರಿಸಿ.

ಯಾವ ತಳಿ ಅನ್ನುವುದಕ್ಕಿಂತ ಯಾವ ಕೆಲಸ ಮಾಡುತ್ತಿತ್ತು ಅಂತ ಮೊದಲು ಕೇಳಿ. ಸಣ್ಣ ಮಕ್ಕಳಿರುವ ಮನೆಗೆ ಸ್ಫೋಟಕ ಪತ್ತೆ ಮಾಡುತ್ತಿದ್ದ ಲ್ಯಾಬ್ರಡಾರ್ ಹೊಂದುತ್ತದೆ. ಮೇಲೆರಗುವ ತರಬೇತಿ ಪಡೆದ ಮ್ಯಾಲಿನಾಯ್ಸ್ (ಬೆಲ್ಜಿಯಂ ಮೂಲದ ಚುರುಕು ತಳಿ) ಬೇಡವೇ ಬೇಡ. ನೋಡಿಕೊಳ್ಳುತ್ತಿದ್ದ ಸೈನಿಕರ ಜೊತೆ ಮಾತಾಡಿ. ಯಾವ ಮಾತಿಗೆ ಕೂರುತ್ತದೆ, ಎಷ್ಟು ಹೊತ್ತಿಗೆ ಊಟ, ಯಾವುದಕ್ಕೆ ಬೆಚ್ಚುತ್ತದೆ, ಎಲ್ಲ ಬರೆದುಕೊಳ್ಳಿ. ಮೊದಲ ಕೆಲವು ವಾರ ಅದೇ ಹೊತ್ತಿಗೆ ಊಟ, ಅದೇ ಹೊತ್ತಿಗೆ ನಡಿಗೆ. ನೆಂಟರನ್ನು ಕರೆದು ತೋರಿಸಬೇಡಿ. ತಿನ್ನುವಾಗ, ಮಲಗಿದಾಗ ಮಕ್ಕಳು ಹತ್ತಿರ ಹೋಗುವುದು ಬೇಡ.

ನಮ್ಮನೆಗೆ ಬಂದ ಲ್ಯಾಬ್ರಡಾರ್ ಒಂದು ಬೆಳಿಗ್ಗೆ ಗೋದಾಮಿನ ಬಾಗಿಲ ಮುಂದೆ ಕೂತುಬಿಟ್ಟಿತು. ಕರೆದರೂ ಏಳಲಿಲ್ಲ. ಮೂಗು ಬಾಗಿಲ ಸಂದಿಗೆ ನೆಟ್ಟಿತ್ತು, ಬಾಲ ಅಲ್ಲಾಡಲಿಲ್ಲ, ನಡುನಡುವೆ ನನ್ನ ಮುಖ ನೋಡುತ್ತಿತ್ತು. ಒಳಗೆ ಆನೆ ಓಡಿಸಲು ಇಟ್ಟ ಪಟಾಕಿ ಇತ್ತು! ಮದ್ದಿನ ವಾಸನೆ ಸಿಕ್ಕರೆ ಮುಟ್ಟದೆ ಕೂರಬೇಕು ಅನ್ನುವುದು ಅವಕ್ಕೆ ಕಲಿಸಿದ ಪಾಠ. ಬೈಯಬೇಡಿ. ಚೆನ್ನಾಗಿ ಮೈದಡವಿ, ಒಂದು ಚೂರು ತಿಂಡಿ ಕೊಟ್ಟು ಕರೆದುಕೊಂಡು ಬನ್ನಿ. ಪಟಾಕಿ, ತೋಟಾಗಳನ್ನು ಅದು ಓಡಾಡದ ಕಡೆ ಇಡಿ.

ಸದ್ದಿನ ವಿಷಯ ಇನ್ನೂ ಮುಖ್ಯ. ನಮ್ಮ ಕೊಡಗಿನಲ್ಲಿ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್‌ಗೂ ಕೋವಿ, ಸುಗ್ಗಿ ಹಬ್ಬ ಪುತ್ತರಿಗೂ ಕೋವಿ. ಕೆಲವು ನಾಯಿ ಕಿವಿಯನ್ನೂ ಅಲ್ಲಾಡಿಸುವುದಿಲ್ಲ. ಕೆಲವು ಮಂಚದ ಕೆಳಗೆ ನಡುಗುತ್ತವೆ. ಆವತ್ತು ಒಳಗಿನ ಕೋಣೆಯಲ್ಲಿ ಜೊತೆಗೆ ಒಬ್ಬರು ಇರಲೇಬೇಕು.

ಇಳಿವಯಸ್ಸಿನಲ್ಲಿ ಸೊಂಟ, ಕೀಲು ನೋವು ಸಾಮಾನ್ಯ. ಕಾವಿ ನೆಲದಲ್ಲಿ ಕಾಲು ಜಾರುತ್ತದೆ, ಓಡಾಡುವ ಕಡೆ ಗೋಣಿಚೀಲವಾದರೂ ಹಾಸಿ. ನಮ್ಮ ಮಳೆಗೆ ಇಲಿಜ್ವರದ ಲಸಿಕೆ ತಪ್ಪಿಸಬೇಡಿ. ತೋಟದಿಂದ ಬಂದ ಕೂಡಲೇ ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಿ. ಊಟ ಬಿಟ್ಟು, ಒಸಡು ಬಿಳಿಚಿಕೊಂಡರೆ ಉಣ್ಣಿ ಜ್ವರ ಇರಬಹುದು, ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಪಂದಿ ಕರಿಯ ಮೂಳೆ, ಕೊಬ್ಬು ಬೇಡ. ರಾತ್ರಿ ಮನೆಯೊಳಗೇ ಮಲಗಲಿ. ಅಂಗಳದಲ್ಲಿ ಕಟ್ಟಿದ ನಾಯಿ ಚಿರತೆಗೆ ಸುಲಭದ ತುತ್ತು.

ತರುವುದಾದರೆ ಜನವರಿ ಒಳ್ಳೆಯದು. ಮಳೆ ಇರುವುದಿಲ್ಲ, ದೀಪಾವಳಿ, ಪುತ್ತರಿ ಎರಡೂ ಮುಗಿದಿರುತ್ತವೆ, ಮೈಸೂರುವರೆಗಿನ ರೈಲಿನಲ್ಲಿ ಸೆಕೆಯೂ ಕಾಡುವುದಿಲ್ಲ. ಪತ್ರ ವ್ಯವಹಾರಕ್ಕೆ ಹೊತ್ತು ಹಿಡಿಯುತ್ತದೆ, ಈಗಲೇ ಬರೆಯಿರಿ.