ಆಪರೇಷನ್‌ಗೆ ಮೊದಲು ಅಪ್ಪ ಮಲಗಬೇಕಾ, ನಡೆಯಬೇಕಾ?

ಸೋಮವಾರಪೇಟೆ ಕಡೆಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. 62 ವರ್ಷದ ಅಪ್ಪನಿಗೆ ದೊಡ್ಡ ಕರುಳಿನ ಕ್ಯಾನ್ಸರ್. ಮೈಸೂರಿನಲ್ಲಿ ಆಪರೇಷನ್, ಅದಕ್ಕಿನ್ನೂ ನಾಲ್ಕು ವಾರ ಇದೆ. ಅಲ್ಲಿನ ಫಿಸಿಯೋಥೆರಪಿಸ್ಟ್ ಮೂರು ಚೆಂಡಿನ ಸ್ಪೈರೋಮೀಟರ್ (ಆಳ ಉಸಿರಿನ ಅಭ್ಯಾಸಕ್ಕೆ ಕೊಡುವ ಡಬ್ಬಿ) ಕೊಟ್ಟು, ದಿನಾ ನಡೆಸಿ ಅಂದಿದ್ದಾರೆ. ಮನೆಗೆ ಬರುವ ನೆಂಟರು ಮಾತ್ರ 'ಕಾಯಿಲೆ ಮನುಷ್ಯನನ್ನು ಯಾಕೆ ಗೋಳು ಹೊಯ್ಕೊಳ್ತೀರಿ, ಸುಮ್ನೆ ಮಲಗಲಿ ಬಿಡಿ' ಅಂತಾರಂತೆ. ಯಾರ ಮಾತು ಕೇಳೋದು?

ಫಿಸಿಯೋಥೆರಪಿಸ್ಟ್ ಮಾತು ಕೇಳಿ. ನೆಂಟರದು ಪ್ರೀತಿಯೇ, ಆದರೆ ಮಲಗಿದಷ್ಟೂ ಮಾಂಸಖಂಡ ಕರಗುತ್ತದೆ, ವಯಸ್ಸಾದವರಲ್ಲಂತೂ ಬೇಗ. ಆಪರೇಷನ್ ಆದಮೇಲೆ ಗಾಯ ಮಾಯಲು ದೇಹ ತನ್ನ ಮಾಂಸಖಂಡವನ್ನೇ ಖರ್ಚು ಮಾಡುತ್ತದೆ. ಆಗ ಕೈಯಲ್ಲಿ ಒಂದಿಷ್ಟು ಉಳಿತಾಯ ಇರಬೇಕಲ್ವಾ?

ಯುರೋಪಿನ ಕೆಲವು ದೇಶಗಳಲ್ಲಿ ಕರುಳಿನ ಕ್ಯಾನ್ಸರ್ ಇದ್ದ 251 ಜನರ ಮೇಲೆ ಇದನ್ನೇ ಪರೀಕ್ಷೆ ಮಾಡಿದ್ದರು. ಫಲಿತಾಂಶ ಬಂದಿದ್ದು 2023ರಲ್ಲಿ. ಆಪರೇಷನ್‌ಗೆ ಮೊದಲ ನಾಲ್ಕು ವಾರ ವ್ಯಾಯಾಮ, ಪ್ರೋಟೀನ್, ಮನಸ್ಸಿಗೆ ಧೈರ್ಯ, ಸಿಗರೇಟ್ ಬಿಡಿಸುವುದು ಎಲ್ಲ ಸೇರಿಸಿ ಕೊಟ್ಟವರಲ್ಲಿ ನೂರಕ್ಕೆ ಸುಮಾರು 17 ಜನರಿಗೆ ದೊಡ್ಡ ತೊಂದರೆಯಾಯಿತು. ಕೊಡದವರಲ್ಲಿ ಸುಮಾರು 30. ಆದರೆ ಆಪರೇಷನ್ ಆಗಿ ನಾಲ್ಕು ವಾರಕ್ಕೆ ನಡಿಗೆ ಅಳೆದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಹಾಗಾಗಿ ಪವಾಡ ನಿರೀಕ್ಷಿಸಬೇಡಿ.

ನನಗೆ ಜಾಸ್ತಿ ಮುಖ್ಯ ಅನಿಸುವುದು ಆ ಚೆಂಡಿನ ಡಬ್ಬಿ ರೂಢಿ ಮಾಡಿಸುವ ಆಳ ಉಸಿರು. ಹೊಟ್ಟೆ ಕೊಯ್ದ ಮೇಲೆ ನೋವಿಗೆ ಹೆದರಿ ಜನ ಮೇಲಿಂದ ಮೇಲೆ ಸಣ್ಣ ಉಸಿರು ತೆಗೆಯುತ್ತಾರೆ. ಕಫ ಶ್ವಾಸಕೋಶದ ತಳದಲ್ಲೇ ನಿಲ್ಲುತ್ತದೆ, ನ್ಯುಮೋನಿಯಾ ಶುರುವಾಗುತ್ತದೆ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೊಟ್ಟೆಯ ಮೇಲ್ಭಾಗದ ದೊಡ್ಡ ಆಪರೇಷನ್ ಆಗಬೇಕಿದ್ದ 441 ಜನರನ್ನು ತೆಗೆದುಕೊಂಡರು. ಅರ್ಧ ಜನರಿಗೆ ಬರೀ ಕಿರುಪುಸ್ತಕ. ಉಳಿದವರಿಗೆ ಪುಸ್ತಕದ ಜೊತೆ ಫಿಸಿಯೋಥೆರಪಿಸ್ಟ್ ಅರ್ಧ ಗಂಟೆ ಎದುರು ಕೂತು, ಯಾಕೆ, ಹೇಗೆ ಅಂತ ಕಲಿಸಿದರು, ಒಂದೇ ಸಲ. ಪುಸ್ತಕದವರಲ್ಲಿ ನೂರಕ್ಕೆ 27 ಜನರಿಗೆ ಶ್ವಾಸಕೋಶದ ತೊಂದರೆ ಬಂತು, ಕಲಿತವರಲ್ಲಿ 12. ಕಲಿಸಿದ್ದು ಇಷ್ಟೇ: ಆಪರೇಷನ್ ಆಗಿ ಎಚ್ಚರವಾದ ತಕ್ಷಣದಿಂದ ಗಂಟೆಗೊಮ್ಮೆ ಹತ್ತು ನಿಧಾನದ ಆಳ ಉಸಿರು, ಮತ್ತೆ ಹತ್ತು, ಆಮೇಲೆ ಕೆಮ್ಮು. ಅರೆ ಮಂಪರಿನಲ್ಲಿ, ನೋವಿನಲ್ಲಿ ಹೊಸದಾಗಿ ಕಲಿಯಲು ಆಗಲ್ಲ. ಈಗಲೇ ರೂಢಿಯಾಗಬೇಕು.

ಆ ಡಬ್ಬಿಯನ್ನು ಬಹಳ ಜನ ಊದುತ್ತಾರೆ. ಊದುವುದಲ್ಲ, ಎಳೆಯುವುದು. ನೆಟ್ಟಗೆ ಕೂತು, ತುಟಿ ಬಿಗಿ ಮಾಡಿ, ನಿಧಾನ ಎಳೆದು, ಚೆಂಡನ್ನು ಒಂದೆರಡು ಸೆಕೆಂಡ್ ಮೇಲೆ ನಿಲ್ಲಿಸಬೇಕು. ತಲೆ ಸುತ್ತಿದರೆ ನಿಲ್ಲಿಸಿ. ಕೆಮ್ಮುವಾಗ ಹೊಟ್ಟೆಗೆ ದಿಂಬು ಅವುಚಿಕೊಳ್ಳುವುದನ್ನೂ ಈಗಲೇ ಕಲಿಸಿ.

ಇನ್ನು ನಡಿಗೆ. ಬೆಳಗಿನ ಜಾವ ತೋಟದ ದಾರಿಗೆ ಕಳಿಸಬೇಡಿ, ಆನೆ ಎದುರಾದೀತು. ಕಾಫಿ ಒಣಗಿಸುವ ಕಣ ಸಮತಟ್ಟಾಗಿದೆ, ಅಲ್ಲೇ ಸುತ್ತಲಿ. ಮಳೆ ಹಿಡಿದರೆ ಜಗಲಿ ಸಾಕು. ಸ್ವಲ್ಪ ಏದುಸಿರು ಬರಬೇಕು, ಆದರೆ ಮಾತಾಡಲು ಆಗುವಂತಿರಬೇಕು. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದು ತೊಡೆಗೆ ಒಳ್ಳೆಯದು. ಎದೆನೋವು, ರಕ್ತಸ್ರಾವ ಕಂಡರೆ ನಿಲ್ಲಿಸಿ, ಡಾಕ್ಟರಿಗೆ ಫೋನ್ ಮಾಡಿ. ಹಿಮೋಗ್ಲೋಬಿನ್ ಎಷ್ಟಿದೆ ಅಂತ ಮೊದಲೇ ಕೇಳಿಕೊಳ್ಳಿ.

ಬರೀ ಗಂಜಿ ಕೊಡುತ್ತಿದ್ದೀರಂತೆ. ಅದರಲ್ಲಿ ಪ್ರೋಟೀನ್ ಎಲ್ಲಿದೆ? ಇಂಥ ರೋಗಿಗೆ ತೂಕದ ಕಿಲೋಗೆ ದಿನಕ್ಕೆ 1.2ರಿಂದ 1.5 ಗ್ರಾಂ ಬೇಕು. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ ಅಷ್ಟೇ. ಮೊಟ್ಟೆ, ಮೀನು, ಕೋಳಿ, ಮೊಸರು ಸೇರಿಸಿ. ಕರುಳು ಕಟ್ಟಿಕೊಂಡಂತಿದ್ದರೆ, ಕಿಡ್ನಿ ತೊಂದರೆಯಿದ್ದರೆ ಡಯಟಿಷಿಯನ್ ಹೇಳಿದಂತೆ. ಪಂದಿ ಕರಿ ವಿಷಯ ಅವರ ಹತ್ತಿರವೇ ಇತ್ಯರ್ಥ ಮಾಡಿಕೊಳ್ಳಿ! ಬೀಡಿ ಇವತ್ತೇ ಬಿಡಲಿ. ಸಂಜೆ ಎಷ್ಟು ಕುಡಿಯುತ್ತಾರೆ ಎಂಬುದನ್ನು ಡಾಕ್ಟರಿಗೆ ಮುಚ್ಚಿಡಬೇಡಿ. ದಿನಾ ಜಾಸ್ತಿ ಕುಡಿಯುವವರು ಥಟ್ಟನೆ ನಿಲ್ಲಿಸಿದರೂ ಅಪಾಯ. ಮೈ ಗಟ್ಟಿಯಾಗಲಿ ಅಂತ ಆಪರೇಷನ್ ದಿನಾಂಕವನ್ನು ನೀವಾಗಿಯೇ ಮುಂದೂಡಬೇಡಿ.

ಪತ್ರದ ಕೊನೆಗೆ 'ಅಪ್ಪನಿಗೆ ಗಡ್ಡೆ ಅಂತಷ್ಟೇ ಹೇಳಿದ್ದೇವೆ' ಎಂದು ಬರೆದಿದ್ದೀರಿ. ಇದು ನನಗೆ ಸರಿ ಕಾಣಲಿಲ್ಲ. ಯಾಕೆ ಅಂತ ಗೊತ್ತಿಲ್ಲದ ಮನುಷ್ಯ ದಿನಾ ಚೆಂಡು ಯಾಕೆ ಎಳೆಯುತ್ತಾನೆ? ಕೆಲವರಿಗೆ ಹೊಟ್ಟೆ ಮೇಲೆ ಮಲದ ಚೀಲ ಹಾಕಬೇಕಾಗುತ್ತದೆ. ಹಾಗಿದ್ದರೆ ಅವರು ಪಂಚೆ ಎಲ್ಲಿ ಕಟ್ಟುತ್ತಾರೆ ಅಂತ ನೋಡಿಕೊಂಡು ಅದರ ಜಾಗವನ್ನು ಮೊದಲೇ ಗುರುತು ಮಾಡಬೇಕು. ಎಚ್ಚರವಾದಾಗಲೇ ಅದನ್ನು ಕಂಡರೆ ಯಾರಿಗಾದರೂ ಎದೆ ಒಡೆಯುತ್ತದೆ. ಮುಂದಿನ ಸಲ ಮೈಸೂರಿಗೆ ಹೋದಾಗ ಡಾಕ್ಟರ್ ಎದುರಿನ ಕುರ್ಚಿಯಲ್ಲಿ ಅಪ್ಪನೇ ಕೂರಲಿ, ಪ್ರಶ್ನೆ ಅವರೇ ಕೇಳಲಿ. ನೀವು ಪಕ್ಕದಲ್ಲಿ ಕೂತು ಬರೆದುಕೊಳ್ಳಿ.

– ಸಂ.